ಅಣ್ಣನ ಮಗನಿಗೆ ಶೇ 15

ನ್ಯೂಜೆರ್ಸಿಯ ಎಸ್ಟೇಟ್ ತೆರಿಗೆ 2018ರ ಜನವರಿ 1ರಿಂದ ರದ್ದಾಯಿತು. ಎಡಿಸನ್ ಸುತ್ತಮುತ್ತ ಮನೆ ಮಾಡಿಕೊಂಡಿದ್ದ ನಮ್ಮವರು ನಿಟ್ಟುಸಿರು ಬಿಟ್ಟರು. 2016ರವರೆಗೆ ಸತ್ತವರ ಆಸ್ತಿ 6,75,000 ಡಾಲರ್ ದಾಟಿದರೆ ರಾಜ್ಯ ಲೆಕ್ಕ ಕೇಳುತ್ತಿತ್ತು. ಆಗ ಫೆಡರಲ್ ತೆರಿಗೆಯ ಮಿತಿ 54.5 ಲಕ್ಷ ಡಾಲರ್. ಮನೆ, ನಿವೃತ್ತಿ ಖಾತೆ, ವಿಮೆ ಕೂಡಿಸಿದರೆ ಸಾಧಾರಣ ಸಂಬಳದ ಎಂಜಿನಿಯರ್ ಕೂಡ ರಾಜ್ಯದ ಗೆರೆ ದಾಟಿಬಿಡುತ್ತಿದ್ದ.

ರದ್ದತಿ ಪುಕ್ಕಟೆ ಬಂದದ್ದಲ್ಲ. ರಸ್ತೆ, ರೈಲಿನ ನಿಧಿ ಬರಿದಾದಾಗ ಗವರ್ನರ್ ಕ್ರಿಸ್ ಕ್ರಿಸ್ಟಿ ಶಾಸಕರೊಂದಿಗೆ ಕುದುರಿಸಿದ ಒಪ್ಪಂದ ಅದು. 2016ರ ನವೆಂಬರ್‌ನಲ್ಲಿ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 23 ಸೆಂಟ್ ಏರಿತು. ಪ್ರತಿಯಾಗಿ ಮಾರಾಟ ತೆರಿಗೆ ಚೂರು ಇಳಿಯಿತು, ಎಸ್ಟೇಟ್ ತೆರಿಗೆ ಹೋಯಿತು. ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುವವನ ಜೇಬಿನಿಂದ ತೆಗೆದು ಆಸ್ತಿವಂತರ ಮಕ್ಕಳಿಗೆ ಕೊಟ್ಟ ಹಾಗೆ.

ಆದರೆ ಅಲ್ಲಿ ಇದ್ದದ್ದು ಎರಡು ತೆರಿಗೆ. ಎರಡನೆಯದು, ಪಡೆದವರು ಸತ್ತವರಿಗೆ ಏನಾಗಬೇಕು ಎಂದು ನೋಡಿ ಹಾಕುವ ಉತ್ತರಾಧಿಕಾರ ತೆರಿಗೆ. ಅದು ಇವತ್ತಿಗೂ ಇದೆ.

ಮಕ್ಕಳಿಲ್ಲದ ನನ್ನ ಚಿಕ್ಕಪ್ಪ ತೀರಿಕೊಂಡಾಗ ಮನೆ ನನ್ನ ಹೆಸರಿಗೆ ಬಂತು. ‘ನೀವು ಮಗನಾಗಿದ್ದರೆ ಸೊನ್ನೆ. ತಮ್ಮನಾಗಿದ್ದರೂ ಮೊದಲ 25,000 ಡಾಲರ್ ಬಿಟ್ಟು ಶೇ 11ರಿಂದ ಶುರು. ಅಣ್ಣನ ಮಗ ಅಂದರೆ ಪರಕೀಯರ ಸಾಲಿನಲ್ಲಿ ಸಾರ್’ ಎಂದರು ಲೆಕ್ಕಪರಿಶೋಧಕರು. ಆ ಸಾಲಿಗೆ ಮೊದಲ ಡಾಲರ್‌ನಿಂದಲೇ ಶೇ 15. ನಾಲ್ಕು ಲಕ್ಷದ ಮನೆಗೆ 60,000 ಡಾಲರ್, ಎಂಟು ತಿಂಗಳೊಳಗೆ. ತಡವಾದರೆ ವರ್ಷಕ್ಕೆ ಶೇ 10 ಬಡ್ಡಿ. ರಾಜ್ಯದ ಅನುಮತಿ ಪತ್ರ ಬರುವವರೆಗೆ ಬ್ಯಾಂಕ್ ಖಾತೆಯ ಅರ್ಧ ಹಣಕ್ಕೆ ಕೈ ಹಾಕುವಂತಿಲ್ಲ. ನಾನು ನನ್ನ ಮನೆಯ ಮೇಲೆ ಸಾಲ ಎತ್ತಿದೆ. ಚಿಕ್ಕಪ್ಪ ನನ್ನನ್ನು ನಾಮಿನಿ ಮಾಡಿದ್ದ ಸಣ್ಣ ವಿಮೆಯ ಹಣಕ್ಕೆ ಮಾತ್ರ ಒಂದು ಸೆಂಟ್ ತೆರಿಗೆಯೂ ಇರಲಿಲ್ಲ.

ಎರಡರಲ್ಲಿ ಒಂದನ್ನು ಕಿತ್ತುಹಾಕುವ ಅಧಿಕಾರ ನನಗಿದ್ದರೆ ಇದನ್ನೇ ಕೀಳುತ್ತಿದ್ದೆ. ಕೋಟ್ಯಧೀಶನ ಮಗ ರಾಜ್ಯಕ್ಕೆ ಬಿಡಿಗಾಸೂ ಕಟ್ಟಬೇಕಿಲ್ಲ. ಮದುವೆಯಾಗದ ನರ್ಸ್ ಒಬ್ಬಾಕೆ ತಂಗಿಯ ಮಗಳಿಗೆ 2,000 ಡಾಲರ್ ಬಿಟ್ಟುಹೋದರೆ 300 ಕಟ್ಟಬೇಕು. ಭಾರತದಲ್ಲಿ 1985ರಲ್ಲಿ ವಿ.ಪಿ. ಸಿಂಗ್ ಎಸ್ಟೇಟ್ ಸುಂಕ ತೆಗೆದದ್ದು, ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿಯ ಆದಾಯಕ್ಕೆ ಇಷ್ಟೆಲ್ಲ ತಾಪತ್ರಯವೇಕೆ ಎಂಬ ಲೆಕ್ಕದಲ್ಲಿ. ಸರಿಯೋ ತಪ್ಪೋ, ಅಲ್ಲಿ ಇಂಥ ಬಾಲ ಉಳಿಯಲಿಲ್ಲ.

ಮಕ್ಕಳಿಲ್ಲದ ಹಿರಿಯರು ಕೇಳಿದರೆ ನಾನು ಮೊದಲು ವಿಮೆಯ ನಾಮಿನಿ ಯಾರೆಂದು ನೋಡಿಸುತ್ತೇನೆ. ದಾನ ಕೊಡುವುದಿದ್ದರೆ ಗಟ್ಟಿಯಾಗಿದ್ದಾಗಲೇ ಕೊಡಿ. ಸಾವಿಗೆ ಮೂರು ವರ್ಷದೊಳಗಿನ ದಾನವನ್ನು ರಾಜ್ಯ ಅನುಮಾನದಿಂದಲೇ ನೋಡುತ್ತದೆ. ಮೈಸೂರಿನ ಸೈಟಿನ ಚಿಂತೆ ಬೇಡ, ಹೊರಗಿನ ಸ್ಥಿರಾಸ್ತಿಯನ್ನು ನ್ಯೂಜೆರ್ಸಿ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಖಾತೆ ಬದಲಾವಣೆಗೆ ಅಲೆಯುವ ಕಥೆ ಬೇರೆ.