ಕಲ್ಲು ಉಜ್ಜುವ ಮುನ್ನ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ ಹಿಡಿದ ಲೈವ್ ರಾಕ್‌ಗಳನ್ನೆಲ್ಲ ಹೊರತೆಗೆದು ನಲ್ಲಿಯ ಕೆಳಗೆ ಉಜ್ಜಿಬಿಡಲೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಆ ಕಲ್ಲಿನ ರಂಧ್ರಗಳಲ್ಲೇ ಇವೆ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅವು ಸಾಯುತ್ತವೆ. ಆಮೇಲೆ ಪಾಚಿಯ ಚಿಂತೆ ಹೋಗಿ ಮೀನಿನ ಚಿಂತೆ ಶುರು.

ನೀರು ಬದಲಿಸುವ ದಿನ ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನೇ ಬಕೆಟ್ಟಿಗೆ ತುಂಬಿಕೊಳ್ಳಿ. ಕೂದಲಿನಂಥ ಪಾಚಿಯನ್ನು ಮೊದಲು ಬೆರಳಿಗೆ ಸುತ್ತಿ ಬುಡಸಮೇತ ಕೀಳಿ. ಸಂದಿಯಲ್ಲಿ ಉಳಿದದ್ದಕ್ಕೆ ಹೊಸ ಟೂತ್‌ಬ್ರಷ್ ಸಾಕು. ಉಜ್ಜುವಾಗ ಕಲ್ಲು ಬಕೆಟ್ಟಿನ ನೀರೊಳಗೇ ಇರಲಿ. ಕಿತ್ತ ಚೂರುಗಳು ಟ್ಯಾಂಕಿಗೆ ಮರಳದಂತೆ ಕಲ್ಲನ್ನು ಬೇರೆ ಉಪ್ಪುನೀರಿನಲ್ಲಿ ಜಾಲಿಸಿ ಮರಳಿ ಇಡಿ. ಒಂದು ಸಲಕ್ಕೆ ಎರಡು ಮೂರು ಕಲ್ಲು, ಉಳಿದದ್ದು ಮುಂದಿನ ವಾರ. ಗ್ಲೌಸ್, ಕನ್ನಡಕ ಕಡ್ಡಾಯ: ಕಲ್ಲಿಗೆ ಜೊಯಾಂಥಿಡ್ ಎಂಬ ಹವಳದಂಥ ಜೀವಿ ಅಂಟಿಕೊಂಡಿದ್ದರೆ ಅದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕಲ್ಲು ಕುದಿಸಿ ಎನ್ನುವ ಪುಣ್ಯಾತ್ಮರೂ ಇದ್ದಾರೆ. ಆ ಹಬೆ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ್ದುಂಟು.

ಇಷ್ಟಾದರೂ ಪಾಚಿ ಮರಳಿ ಬರುತ್ತದೆ, ಏಕೆಂದರೆ ನೀವು ಸುರಿಯುತ್ತಿರುವುದು ಬೋರ್‌ವೆಲ್ ನೀರು. ಅದರ ನೈಟ್ರೇಟ್, ಸಿಲಿಕೇಟ್‌ಗಳೇ ಪಾಚಿಗೆ ಊಟ. ಮನೆಯಲ್ಲಿ ಕುಡಿಯಲು ಬಳಸುವ ಆರ್‌ಓ ಸಾಲದು. ಅದರ ಮುಂದೆ ಡಿಐ (ಅಯಾನು ತೆಗೆಯುವ) ರೆಸಿನ್ ಸೇರಿಸಿ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಟ್ಯಾಂಕಿನ ಫಾಸ್ಫೇಟ್ 0.1 ಪಿಪಿಎಂ ದಾಟದಿರಲಿ, ಪೂರ್ತಿ ಸೊನ್ನೆಗೂ ಇಳಿಸಬೇಡಿ, ಹವಳ ಸೊರಗುತ್ತದೆ. ಫ್ರೋಜನ್ ಆಹಾರ ಕರಗಿದ ಮೇಲೆ ಆ ನೀರನ್ನು ಸಿಂಕಿಗೆ ಚೆಲ್ಲಿ. ಕೊನೆಗೆ ಒಂದೆರಡು ಟರ್ಬೊ ಬಸವನಹುಳು ಬಿಡಿ, ಆದರೆ ಉದ್ದ ಪಾಚಿ ಕಿತ್ತಾದ ಮೇಲೆಯೇ. ಅವು ಮೇಯುವುದು ಗಿಡ್ಡ ಚಿಗುರನ್ನು.