ಆನೆಕಾಲು ರೋಗ ಮತ್ತು ಇಯೊಸಿನೊಫಿಲ್

1. ರೋಗಕಾರಕ: ವುಚೆರೇರಿಯಾ ಬ್ಯಾಂಕ್ರಾಫ್ಟಿ (ದುಂಡುಹುಳು). ವಾಹಕ: ಕ್ಯೂಲೆಕ್ಸ್ ಸೊಳ್ಳೆ.
2. ಕರ್ನಾಟಕದ ಪೀಡಿತ ಕರಾವಳಿ ಜಿಲ್ಲೆಗಳು: ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ.
3. ಸೋಂಕು ತರುವ ಹಂತ: ಮೂರನೇ ಹಂತದ ಲಾರ್ವಾ. ರಕ್ತದಲ್ಲಿ ಕಾಣುವ ಮರಿ: ಮೈಕ್ರೋಫೈಲೇರಿಯಾ, ರಾತ್ರಿ ಹೆಚ್ಚು, ಆದ್ದರಿಂದ ರಾತ್ರಿಯೇ ರಕ್ತಲೇಪನ.
4. ಲಾರ್ವಾ ನಾಶದ ಕ್ರಮ:
• ಪ್ರತಿಕಾಯಗಳು ಲಾರ್ವಾದ ಮೈಗೆ ಅಂಟುತ್ತವೆ.
• ಆ ಪ್ರತಿಕಾಯಗಳ ಮೂಲಕ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಹಿಡಿತ ಸಾಧಿಸುತ್ತದೆ.
• ಕಣಿಕೆಗಳಿಂದ ‘ಮೇಜರ್ ಬೇಸಿಕ್ ಪ್ರೋಟೀನ್’ ಸುರಿದು ಹೊರಪೊರೆ ಕೆಡಿಸುತ್ತದೆ.
5. ಗೊಂದಲ ಬೇಡ:
• ಬ್ಯಾಕ್ಟೀರಿಯಾವನ್ನು ನ್ಯೂಟ್ರೊಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ನುಂಗುತ್ತದೆ. ಲಾರ್ವಾ ನುಂಗಲಾಗದಷ್ಟು ದೊಡ್ಡದು, ಹೊರಗಿನಿಂದಲೇ ದಾಳಿ.
• ಮಲೇರಿಯಾ: ಅನಾಫಿಲಿಸ್. ಡೆಂಗಿ: ಈಡಿಸ್. ಆನೆಕಾಲು: ಕ್ಯೂಲೆಕ್ಸ್.
• ಹುಳುವಿಗೆ ಅಂತಿಮ ಆತಿಥೇಯ ಮನುಷ್ಯ. ಮಧ್ಯಂತರ ಆತಿಥೇಯ ಸೊಳ್ಳೆ.
6. ಇಸವಿಗಳು: ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ 1955, ದೇಶವ್ಯಾಪಿ ಸಾಮೂಹಿಕ ಔಷಧ ಸೇವನೆ 2004.
7. ಔಷಧ: ಡಿಇಸಿ, ಆಲ್ಬೆಂಡಜೋಲ್, ತ್ರಿವಳಿ ಚಿಕಿತ್ಸೆಯಲ್ಲಿ ಐವರ್ಮೆಕ್ಟಿನ್ ಸೇರ್ಪಡೆ.