ಜೀವಕೋಶದ ಅಳತೆ, ವಿದ್ಯುದ್ವಾರದ ತೊಡಕು

ಯಾದಗಿರಿ ಜಿಲ್ಲೆಯ ಬಳಿಚಕ್ರದ ಕಡೆಯಂತಹ ಕಲ್ಲುನೆಲದಲ್ಲಿ ಕೊಳವೆಬಾವಿಗೆ ಸ್ಥಳ ಗೊತ್ತುಮಾಡಲು ಭೂವಿಜ್ಞಾನಿಗಳು ವಿದ್ಯುತ್ತಿನ ನೆರವು ಪಡೆಯುವುದುಂಟು. ಗಟ್ಟಿಬಂಡೆಯ ರೋಧ ಹೆಚ್ಚು. ನೀರು ತುಂಬಿದ ಬಿರುಕುಬಂಡೆಯ ರೋಧ ಕಡಿಮೆ. ಇದನ್ನಳೆಯಲು ಅವರು ಎರಡಲ್ಲ, ನಾಲ್ಕು ಲೋಹದ ಗೂಟಗಳನ್ನು ನೆಲಕ್ಕೆ ಹೊಡೆಯುತ್ತಾರೆ. ಏಕೆಂಬುದನ್ನು ತಿಳಿದರೆ, ಜೀವಕೋಶಗಳನ್ನು ಅಳೆಯುವಾಗ ಒದಗುವ ಒಂದು ದೊಡ್ಡ ತೊಡಕೂ ಅದರ ಪರಿಹಾರವೂ ಅರ್ಥವಾಗುತ್ತವೆ.

ಜೀವಕೋಶದ ಒಳಗೂ ಹೊರಗೂ ಲವಣದ್ರಾವಣವಿದೆ, ಅದು ವಿದ್ಯುದ್ವಾಹಕ. ನಡುವಿನ ತೆಳುಪೊರೆಯು ಬಹುಮಟ್ಟಿಗೆ ಅವಾಹಕ. ಆದ್ದರಿಂದ ಪೊರೆಯು ಒಂದು ಪುಟ್ಟ ಧಾರಕದಂತೆ ವರ್ತಿಸುತ್ತದೆ. 1925ರಲ್ಲಿ ಹ್ಯೂಗೋ ಫ್ರಿಕೆ ಎಂಬ ವಿಜ್ಞಾನಿ ರಕ್ತದ ಕೆಂಪು ಕಣಗಳ ಪೊರೆಯ ಧಾರಕತೆಯು ಚದರ ಸೆಂಟಿಮೀಟರಿಗೆ ಸುಮಾರು 0.81 ಮೈಕ್ರೋಫ್ಯಾರಡ್ ಎಂದು ಕಂಡುಕೊಂಡನು. ಪೊರೆಯನ್ನು ಎಣ್ಣೆಯಂತಹ ವಸ್ತುವೆಂದು ಭಾವಿಸಿ, ಅದರ ದಪ್ಪ 3.3 ನ್ಯಾನೊಮೀಟರ್ ಎಂದು ಲೆಕ್ಕಹಾಕಿದನು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಹುಟ್ಟುವ ಮೊದಲೇ ಅಣುಗಳಷ್ಟು ತೆಳುವಾದ ಪೊರೆಯ ಸುಳಿವು ಹೀಗೆ ದೊರೆಯಿತು.

ಆದರೆ ಅಳತೆ ತಪ್ಪಿದರೆ ಇಂತಹ ತೀರ್ಮಾನವೂ ತಪ್ಪುತ್ತದೆ. ವಿದ್ಯುದ್ವಾರದ ಲೋಹದಲ್ಲಿ ಹರಿಯುವುವು ಎಲೆಕ್ಟ್ರಾನುಗಳು. ದ್ರಾವಣದಲ್ಲಿ ಚಲಿಸುವುವು ಅಯಾನುಗಳು. ಇವೆರಡೂ ಸಂಧಿಸುವ ಮೇಲ್ಮೈಯಲ್ಲಿ ಅಯಾನುಗಳು ಪದರವಾಗಿ ನೆರೆದು ತಾವೇ ಒಂದು ಧಾರಕವಾಗುತ್ತವೆ. ಇದಕ್ಕೆ ಧ್ರುವೀಕರಣವೆಂದು ಹೆಸರು. ಪರ್ಯಾಯ ಪ್ರವಾಹದ ಆವೃತ್ತಿ ಕಡಿಮೆಯಾದಷ್ಟೂ ಈ ಅಡ್ಡಿ ಹೆಚ್ಚು. ಮಾಪಕವಾದರೋ ಕೋಶದ ಪಾಲನ್ನೂ ವಿದ್ಯುದ್ವಾರದ ಪಾಲನ್ನೂ ಕೂಡಿಸಿಯೇ ತೋರಿಸುತ್ತದೆ.

ಪರಿಹಾರಗಳು ಮುಖ್ಯವಾಗಿ ಮೂರು.

ಮೊದಲನೆಯದು, ಪ್ಲಾಟಿನಂ ತಗಡಿನ ಮೇಲೆ ಪ್ಲಾಟಿನಮ್ಮಿನದೇ ಕಪ್ಪು ಪುಡಿಯ ಲೇಪವನ್ನು ಕೊಡುವುದು. ಸ್ಪಂಜಿನಂತಹ ಈ ಲೇಪದಿಂದ ಮೇಲ್ಮೈ ಬಹಳ ವಿಸ್ತಾರವಾಗಿ, ಧ್ರುವೀಕರಣದ ಅಡ್ಡಿ ತಗ್ಗುತ್ತದೆ.

ಎರಡನೆಯದು, ತಗಡುಗಳ ಅಂತರವನ್ನು ಬದಲಿಸಿ ಎರಡು ಬಾರಿ ಅಳೆಯುವುದು. ಉದಾಹರಣೆಗೆ, 1 ಸೆಂಟಿಮೀಟರ್ ಅಂತರದಲ್ಲಿ 150 ಓಮ್, 2 ಸೆಂಟಿಮೀಟರಿನಲ್ಲಿ 250 ಓಮ್ ಬಂದಿತೆನ್ನೋಣ. ತಗಡುಗಳ ಪಾಲು ಎರಡು ಸಲವೂ ಒಂದೇ. ಆದ್ದರಿಂದ ಹೆಚ್ಚಿದ 100 ಓಮ್ 1 ಸೆಂಟಿಮೀಟರ್ ದ್ರಾವಣದ್ದು. ಮೊದಲ ಅಳತೆಯಲ್ಲಿ ಉಳಿದ 50 ಓಮ್ ತಗಡುಗಳದ್ದು. ಮೊದಲ ಅಳತೆಯನ್ನೇ ನಂಬಿದ್ದರೆ ನಿಜಕ್ಕಿಂತ ಅರ್ಧದಷ್ಟು ಹೆಚ್ಚಾಗಿ ಎಣಿಸಿದಂತಾಗುತ್ತಿತ್ತು! ಪರ್ಯಾಯ ಪ್ರವಾಹದಲ್ಲಿ ರೋಧವನ್ನೂ ಧಾರಕದ ಪ್ರತಿಘಾತವನ್ನೂ ಬೇರೆಬೇರೆಯಾಗಿಯೇ ಹೀಗೆ ಕಳೆಯಬೇಕು.

ಮೂರನೆಯದೇ ಭೂವಿಜ್ಞಾನಿಯ ನಾಲ್ಕು ಗೂಟಗಳ ಉಪಾಯ. ಹೊರಗಿನ ಎರಡರ ಮೂಲಕ ಪ್ರವಾಹವನ್ನು ಹರಿಸಿ, ಒಳಗಿನ ಎರಡರ ನಡುವೆ ವಿಭವಾಂತರವನ್ನು ಅಳೆಯುತ್ತಾರೆ. ಒಳಗಿನ ಜೋಡಿಯಲ್ಲಿ ಪ್ರವಾಹವು ಹರಿಯುವುದೇ ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ಅಲ್ಲಿ ಮೇಲ್ಮೈಯ ಅಡ್ಡಿಯು ಅಳತೆಯನ್ನು ಕೆಡಿಸಲಾರದು. ನೆಲಕ್ಕೆ ಸಲ್ಲುವ ಈ ನ್ಯಾಯವು ಕೋಶಗಳಿಗೂ ಸಲ್ಲುತ್ತದೆ.

ಯಾವ ಕ್ರಮವನ್ನೇ ಅನುಸರಿಸಲಿ, ಕೋಶಗಳಿಲ್ಲದ ಬರಿಯ ಲವಣದ್ರಾವಣವನ್ನು ಅದೇ ಪಾತ್ರೆಯಲ್ಲಿ ಒಮ್ಮೆ ಅಳೆದು ನೋಡಬೇಕು. ಅದರಲ್ಲಿ ಪೊರೆಯೇ ಇಲ್ಲ. ಆದರೂ ಕಡಿಮೆ ಆವೃತ್ತಿಯಲ್ಲಿ ಅಧಿಕ ಧಾರಕತೆ ಕಂಡುಬಂದರೆ ಅದು ಜೀವದ ಗುಣವಲ್ಲ, ಲೋಹದ ಗುಣವೆಂದು ತಿಳಿಯಬೇಕು.